ಫ್ರಿಜ್ಜಿನ ಬೆನ್ನ ಹಿಂದ

ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಏಪ್ರಿಲ್ ಬಿಸಿಲಿಗೆ ಬೆವರುತ್ತ ಕುಳಿತಿದ್ದ ಅಂಜನಾಳ ಕಿವಿಗೆ ಪಕ್ಕದ ಇಬ್ಬರು ಹೆಂಗಸರ ಮಾತು ಬಿತ್ತು.

"ನಿಮ್ಮತ್ತಿ ಹೆಂಗದಾರವಾ ಮಾಲಾ?"

"ಫ್ರಿಜ್ಜಿನ ಹಿಂದ ಮಲಗ್ಯಾರ."

"ಈ ಬ್ಯಾಸಗ್ಯಾಗ? ಅಲ್ಲಿ ಕಾವು ಹೊಡಿಯೂದಿಲ್ಲೇನ?"

"ಹೊಡೀತೈತಿ. ಒಳಗಿನ ಕಾವೆಲ್ಲಾ ಹಿಂದಕ್ಕ ಬರಬೇಕಲ್ಲ? ಚಳಿಗಾಲದಾಗ ಬೆಚ್ಚಗಿರತೈತಿ ಅಂತ ತಾವೇ ಅಲ್ಲಿ ಹಾಸಿಗಿ ಹಾಕಿಸ್ಕೊಂಡ್ರು."

"ಈಗ ಸರಸಬಾರದೇನ?"

"ಅವರು ಅಂದಂಗ ಹಾಸಿಗಿ ಸರಸಕೋತ ಕುಂದ್ರಲೇನ?"

"ಕುಡಿಯಾಕ ತಣ್ಣೀರರ ಕೊಡ್ತೀಯಿಲ್ಲೋ?"

"ಘಳಿಗಿಗೊಮ್ಮೆ ಬಾಗಿಲಾ ತಗದ್ರ ಮಷಿನ್ ನಿಲ್ಲದಂಗ ಓಡತೈತಿ. ಕರೆಂಟೂ ತಿಂತೈತಿ, ಹಿಂದ ಕಾವೂ ಹೆಚ್ಚಾಕ್ಕೈತಿ. ಅವರ ಸಲುವಾಗೇ ಕೊಡೂದಿಲ್ಲ."

ಬೀಳಗಿ ಬಸ್ಸು ಬಂತು. ಮಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂದಿಯನ್ನು ನೂಕುತ್ತ ಓಡಿದಳು.

"ಲಗೂನ ಬಾರವಾ, ಕಿಡಕಿ ಸೀಟು ಹಿಡಿಯೂಣು. ನನಗ ಧಗಿ ತಡಿಯೂದಿಲ್ಲ!"