ಮಸಿ ಹರಡುವ ವಿದ್ಯೆ

‘ಕಪ್ಪ ತೊಳೆದರೆ ಕಪ್ಪೇ ಉಳಿವುದು.’

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕೈಬರಹ ತರಗತಿಯ ವಿದ್ಯಾರ್ಥಿಗಳೇ, ಮೂಲೆಯ ಕೊಠಡಿಯ ಮೇಲೆ ಕಣ್ಣಿಟ್ಟು ಹಿಂದಿನ ಗೋಡೆಗೆ ಒರಗಿ ನಿಂತಿರುವ ಕೇರಂ ಸಂಘದವರೇ, ಸಭಿಕರೇ,

ಈ ಸಾಲನ್ನು ಚಿಕ್ಕಂದಿನಲ್ಲಿ ಎಲ್ಲೋ ಓದಿದ್ದೆ. ಉಳಿವುದು ಎಂದಿತ್ತೋ, ಉಳಿಯದು ಎಂದಿತ್ತೋ? ಬೆಳಗಿನಿಂದ ಅದೇ ತಲೆ ತಿನ್ನುತ್ತಿದೆ. ಒಂದೇ ಒಂದು ಅಕ್ಷರ ಬದಲಾದರೆ ಅರ್ಥ ತಲೆಕೆಳಗು. ನಮ್ಮ ಮನೆಯವರನ್ನು ಕೇಳಿದೆ. ಅದು ಕಪ್ಪೆಯ ಮೇಲಿನ ಪದ್ಯವಿರಬೇಕು ಎಂದರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ, ಬರದೆ ವಿಧಿಯಿಲ್ಲ.

ಇಂದಿನ ವಿಷಯ ವರ್ಣಲೇಖನ. ನನ್ನ ಹಿಂದಿನ ಬ್ಯಾನರಿನಲ್ಲಿ ನನ್ನನ್ನು ‘ಅಕ್ಷರಕಲಾ ಪ್ರವೀಣೆ’ ಎಂದು ಕರೆದಿದ್ದಾರೆ. ಕರೆದವರದು ದೊಡ್ಡ ಮನಸ್ಸು. ನಾನು ಪ್ರವೀಣೆಯೇ? ಹೌದು. ಅಕ್ಷರಕಲೆಯಲ್ಲಿಯೇ? ಅದನ್ನು ನಿಧಾನವಾಗಿ ಹೇಳುತ್ತೇನೆ. ಈ ಭಾಷಣವನ್ನು ನಂಬಿ ಒಂದು ಕೊಠಡಿ ನಿಂತಿದೆ, ಅವಸರ ಮಾಡಬಾರದು.

ಮೊದಲು ವಿಷಯ. ಈ ಲೋಟದ ತಳದಲ್ಲಿ ಒಂದಿಷ್ಟು ನೀರಿದೆ. ಇದು ಸೋಸುವ ಕಾಗದದ ಪಟ್ಟಿ. ಇದರ ಕೆಳತುದಿಗಿಂತ ತುಸು ಮೇಲೆ ನಿಮ್ಮ ತರಗತಿಯದೇ ಕಪ್ಪು ಮಸಿಯ ಚುಕ್ಕೆಯೊಂದನ್ನು ಇಟ್ಟಿದ್ದೇನೆ. ಪಟ್ಟಿಯ ಕಾಲು ಮಾತ್ರ ನೀರಿನಲ್ಲಿರಬೇಕು, ಚುಕ್ಕೆ ಮುಳುಗಬಾರದು. ಇನ್ನು ಸುಮ್ಮನೆ ನೋಡುವುದು. ನೀರು ಕಾಗದವನ್ನು ಹತ್ತುತ್ತದೆ, ಹತ್ತುವಾಗ ಮಸಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ನೋಡಿ, ಆಗಲೇ ಹಳದಿ ಕಂಡಿತು. ಅದರ ಕೆಳಗೆ ಕೆಂಪು. ನೀಲಿ ಇನ್ನೂ ಮನೆ ಬಿಡಲೋ ಬೇಡವೋ ಎಂದು ಯೋಚಿಸುತ್ತಿದೆ. ನಾವು ಇವರನ್ನೆಲ್ಲ ಒಟ್ಟಾಗಿ ಕಪ್ಪು ಎಂದು ಕರೆದು ಸುಮ್ಮನಾಗಿದ್ದೆವು. ಹಾಗಾದರೆ ಆ ಸಾಲು ‘ಉಳಿಯದು’ ಎಂದೇ ಇದ್ದಿರಬೇಕು, ಅಲ್ಲವೇ?

ಒಟ್ಟಿಗೆ ಹೊರಟವರು ಯಾಕೆ ಬೇರೆ ಬೇರೆ ಕಡೆ ನಿಲ್ಲುತ್ತಾರೆ? ನಾವು ಮನೆಮಂದಿ ಬಸ್ಸಿಗೆ ಹೊರಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಿಗೆ ಬೀಗ ಹಾಕುವಾಗ ನಾವೆಲ್ಲ ಒಂದೇ ಚುಕ್ಕೆ. ಮಗಳಿಗೆ ಬೀದಿಯ ಮೇಲೆ ಯಾವ ಮೋಹವೂ ಇಲ್ಲ, ಅವಳು ಆಗಲೇ ನಿಲ್ದಾಣದಲ್ಲಿರುತ್ತಾಳೆ. ಅತ್ತೆಗೆ ಎದುರು ಬಂದವರೆಲ್ಲ ಪರಿಚಯ, ಔಷಧದಂಗಡಿಯ ಮುಂದೆ ಯಾರದೋ ಮೊಣಕಾಲಿನ ಕಥೆ ಕೇಳುತ್ತ ನಿಂತಿರುತ್ತಾರೆ. ನಮ್ಮ ಮನೆಯವರು ಮೊದಲ ತಿರುವನ್ನೇ ದಾಟಿರುವುದಿಲ್ಲ. ಯಾವುದೋ ಅಂಗಡಿಯ ಬೋರ್ಡಿನಲ್ಲಿ ಕಾಗುಣಿತದ ತಪ್ಪು ಹುಡುಕಿ, ಮಾಲೀಕರನ್ನು ಹೊರಗೆ ಕರೆದು ತೋರಿಸುತ್ತಿರುತ್ತಾರೆ. ನಾನು ನಡುವೆ ಎಲ್ಲೋ, ಎಲ್ಲರ ಚೀಲ ಹೊತ್ತುಕೊಂಡು. ಒಂದೇ ಬೀದಿ, ಒಂದೇ ಹೊತ್ತು, ನಾಲ್ಕು ಪಟ್ಟೆ. ಇದೇ ವರ್ಣಲೇಖನ, ಸಭಿಕರೇ. ಕಾಗದಕ್ಕೆ ಅಂಟಿಕೊಂಡವರು ಹಿಂದೆ, ನೀರಿನ ಜೊತೆ ಓಡಿದವರು ಮುಂದೆ. ಬಸ್ಸು ಸಿಗುವುದು ಮಗಳಿಗೆ ಮಾತ್ರ.

ಇದರಿಂದ ಏನು ಉಪಯೋಗ ಎಂದು ನೀವು ಕೇಳಬಹುದು. ನಮ್ಮ ಅತ್ತೆ ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದಾರೆ. ಮಿಠಾಯಿಯ ಹಸಿರು ತಿನ್ನುವ ಬಣ್ಣವೋ ಬಟ್ಟೆಗೆ ಹಾಕುವ ಬಣ್ಣವೋ ಎಂದು ಇದರಿಂದ ತಿಳಿಯುತ್ತದೆ. ನುಂಗುವ ಮಾತ್ರೆಯಲ್ಲಿ ಔಷಧವೇ ಇದೆಯೋ, ಜೊತೆಗೆ ಕರೆಯದ ನೆಂಟರು ಯಾರಾದರೂ ಬಂದು ಸೇರಿದ್ದಾರೋ ಎಂಬುದು ತಿಳಿಯುತ್ತದೆ. ಓಟಗಾರ ಕಾಲಿನಿಂದ ಗೆದ್ದನೋ ಸೂಜಿಯಿಂದ ಗೆದ್ದನೋ, ಕುಡಿಯುವ ನೀರಿನಲ್ಲಿ ಕೀಟನಾಶಕ ಇದೆಯೋ, ಅತ್ತರಿನಲ್ಲಿ ಹೂವೆಷ್ಟು ಬುರುಡೆಯೆಷ್ಟು, ಎಲ್ಲವೂ ತಿಳಿಯುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಈಗ ಕಾಗದದ ಬದಲು ಉಕ್ಕಿನ ಕೊಳವೆ ಇದೆ. ಯಂತ್ರ ಗುಂಯ್ ಎನ್ನುತ್ತದೆ, ಪರದೆಯ ಮೇಲೆ ಒಂದೊಂದಾಗಿ ಗುಡ್ಡ ಏಳುತ್ತದೆ. ಗುಡ್ಡ ಯಾವ ಹೊತ್ತಿಗೆ ಬಂತು ಎಂಬುದರಿಂದ ಬಂದವರು ಯಾರೆಂದು ಊಹಿಸುತ್ತೇವೆ, ಎಷ್ಟು ದಪ್ಪ ಬಂತು ಎಂಬುದರಿಂದ ಎಷ್ಟು ಮಂದಿ ಎಂದು ಲೆಕ್ಕ ಹಾಕುತ್ತೇವೆ.

ಅಧ್ಯಕ್ಷರೇ, ಕ್ಷಮಿಸಬೇಕು, ಆ ಲೋಟ ಕುಡಿಯುವುದಕ್ಕಲ್ಲ. ತಮ್ಮದು ಎಡಗಡೆ ಇದೆ, ಮುಚ್ಚಳ ಇರುವುದು.

ಎಲ್ಲಿದ್ದೆ? ಹೌದು, ನಮ್ಮ ಮನೆಯವರು. ನನ್ನ ಕೆಲಸಕ್ಕೆ ಜಗತ್ತೆಲ್ಲ ಕ್ರೊಮಟೋಗ್ರಫಿ ಎನ್ನುತ್ತದೆ. ಅಂಥ ಪದವನ್ನು ಅವರು ಹೊಸ್ತಿಲು ದಾಟಿಸುವವರಲ್ಲ. ಕನ್ನಡದ ಪದ ಸಿಗುವ ತನಕ ಅವರಿಗೆ ಊಟ ಸೇರುವುದಿಲ್ಲ. ಫ್ರಿಜ್ಜಿಗೆ ಅವರು ಇಟ್ಟಿರುವ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಒಳಗಿನ ಹಾಲು ಒಡೆಯುತ್ತದೆ. ಈ ಬಡಾವಣೆಗೆ ಬಂದ ವಾರವೇ ಅವರು ಹಿತ್ತಾಳೆಯ ಫಲಕವೊಂದನ್ನು ಮಾಡಿಸಿ ನಮ್ಮ ಬಾಗಿಲಿಗೆ ಹೊಡೆದರು: ‘ವರ್ಣಲೇಖನ ತಜ್ಞೆ’. ಅಭಿಮಾನದಿಂದಲೇ ಹೊಡೆದರು. ಹೊಡೆಯುವಾಗ ಹೆಬ್ಬೆರಳಿಗೂ ಒಂದು ಪೆಟ್ಟು ಬಿತ್ತು. ಆಮೇಲೆ ತೆಗೆಸಲು ನನಗೆ ಮನಸ್ಸಾಗಲಿಲ್ಲ.

ಆದರೆ ವರ್ಣವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ವರ್ಣಮಾಲೆ ಎನ್ನುವುದಿಲ್ಲವೇ? ಎದುರುಮನೆಯವರು ಬಂದು, ಗೇಟಿಗೆ ಎರಡು ಕೈ ಬಣ್ಣ ಹೊಡೆಯಲು ಎಷ್ಟಾಗುತ್ತದೆ ಎಂದು ವಿಚಾರಿಸಿದರು. ಮೂಲೆಮನೆಯ ಹಿರಿಯರು ಅತ್ತಿತ್ತ ನೋಡಿ, ಟೋಪಿ ತೆಗೆದು, ಕೂದಲಿಗೂ ಹಾಕುತ್ತೀರಾ ಎಂದು ಕೇಳಿದರು. ಆಮೇಲೆ ಬಂದವರು ಪಕ್ಕದ ಮನೆಯ ಅಕ್ಷರದಕ್ಕ.

ಅಕ್ಷರದಕ್ಕನನ್ನು ನಿಮಗೆ ನಾನು ಪರಿಚಯಿಸಬೇಕೇ? ಈ ಕಟ್ಟಡದ ಮೂಲೆಯ ಕೊಠಡಿಯಲ್ಲಿ ಅವರು ಕೈಬರಹ ಕಲಿಸುತ್ತಾರೆ. ತಾವು ಬರೆದ ಔಷಧದ ಚೀಟಿಯನ್ನು ತಾವೇ ಓದಲಾರದ ವೈದ್ಯರು ಅಲ್ಲಿ ಕಲಿತಿದ್ದಾರೆ. ತಲೆ ನರೆತ ಮೇಲೆ ಮೊದಲ ಸಲ ತಮ್ಮ ಹೆಸರು ಬರೆದು, ಆ ಹಾಳೆಯನ್ನು ಲಾರಿಯ ಗಾಜಿಗೆ ಅಂಟಿಸಿಕೊಂಡ ಚಾಲಕರೂ ಕಲಿತಿದ್ದಾರೆ. ಈಗ ಆ ಕೊಠಡಿ ಕೇರಂ ಸಂಘದವರಿಗೆ ಬೇಕು. ಅವರದೂ ತಪ್ಪಲ್ಲ, ಮೆಟ್ಟಿಲ ಕೆಳಗೆ ಎಷ್ಟು ದಿನ ಬಗ್ಗಿಕೊಂಡು ಆಡುತ್ತಾರೆ? ಅಧ್ಯಕ್ಷರು ಅಕ್ಕನಿಗೆ ಹೇಳಿದರಂತೆ, ಅಂದವಾಗಿ ಬರೆಯುವುದು ಈ ಕಾಲದಲ್ಲಿ ಯಾರಿಗೆ ಬೇಕು, ಎಲ್ಲರ ಕೈಯಲ್ಲೂ ಫೋನಿದೆ, ವಾರ್ಷಿಕೋತ್ಸವಕ್ಕೆ ತಜ್ಞರೊಬ್ಬರನ್ನು ಕರೆಸಿ, ಅವರ ಮಾತು ಕೇಳಿ ನನಗೆ ಬೇಕೆನಿಸಿದರೆ ಕೊಠಡಿ ನಿಮಗೆ, ಇಲ್ಲದಿದ್ದರೆ ಕೇರಮ್ಮಿಗೆ ಎಂದು.

ಅಕ್ಕ ನಮ್ಮ ಬಾಗಿಲಿಗೆ ಬಂದರು. ಫಲಕವನ್ನು ಓದಿದರು.

“ನಿನ್ನ ಕೆಲಸ ಕಾಗದದ ಮೇಲೆ ತಾನೆ?” ಎಂದರು.

“ಮೊದಲು ಹಾಗೇ ಇತ್ತು ಅಕ್ಕ, ಈಗ...”

“ಮಸಿನೂ ಇರತ್ತಾ?”

“ಕೆಲವು ಸಲ ಇರತ್ತೆ, ಆದ್ರೆ...”

“ಆದ್ರೆ ಗೀದ್ರೆ ಏನೂ ಬೇಡ. ಭಾನುವಾರ ಹತ್ತಕ್ಕೆ ಬಾ.”

ಹೀಗೆ ನಾನು ಇಲ್ಲಿ ನಿಂತಿದ್ದೇನೆ. ಸಭಿಕರೇ, ನಿಮಗೆ ಮಸಿ ಹರಡಿದರೆ ಹಾಳೆ ಕೆಟ್ಟಿತು ಎಂದು ಅರ್ಥ, ನನಗೆ ಹರಡಿದರೇನೇ ಕೆಲಸ ಶುರು. ನೀವು ಜೀವನವಿಡೀ ಯಾವುದನ್ನು ತಡೆಯಲು ಕಲಿಯುತ್ತೀರೋ, ಅದನ್ನೇ ಮಾಡಿ ನಾನು ಸಂಬಳ ತೆಗೆದುಕೊಳ್ಳುತ್ತೇನೆ. ಕೇರಂ ಸಂಘದವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ಅಧ್ಯಕ್ಷರು ಹಿಂದಕ್ಕೆ ತಿರುಗಿ ಬ್ಯಾನರನ್ನು ಓದುತ್ತಿದ್ದಾರೆ. ಓದಲಿ. ಇದನ್ನೆಲ್ಲ ನಾನು ಇಲ್ಲಿ ಹೇಳಬೇಕೆಂದಿರಲಿಲ್ಲ. ಮಾತಿಗೂ ಮಸಿಯ ಗುಣವೇ, ಒಂದಿಷ್ಟು ನೀರು ಕುಡಿಸಿದರೆ ಒಳಗಿರುವುದೆಲ್ಲ ಹೊರಗೆ.

ಆದರೆ ತಪ್ಪು ಅಕ್ಕನದಲ್ಲ ಎಂಬುದನ್ನಾದರೂ ಹೇಳಿಯೇ ಇಳಿಯಬೇಕು. ಇವತ್ತು ಬೆಳಿಗ್ಗೆ ಬ್ಯಾನರು ಕಂಡದ್ದೇ ನಾನು ಅವರ ಮನೆಗೆ ಓಡಿದೆ. ನಾನು ಬಣ್ಣ ಬೇರ್ಪಡಿಸುವವಳು, ಅಕ್ಷರಕ್ಕೂ ನನಗೂ ಎಣ್ಣೆ ಸೀಗೆಕಾಯಿ, ನನ್ನನ್ನು ನಿಲ್ಲಿಸಿದರೆ ನಿಮ್ಮ ಕೊಠಡಿ ಹೋಗುತ್ತದೆ, ಈಗಲೂ ಬೇರೆ ಯಾರನ್ನಾದರೂ ಕರೆಯಿರಿ ಎಂದು ಒಂದೇ ಉಸಿರಿಗೆ ಹೇಳಿದೆ. ಅಕ್ಕ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ನಂಗೊತ್ತಿಲ್ವೇನೇ? ನೀನು ಹಾಲಿನವನಿಗೆ ಚೀಟಿ ಬರೆದಿಡ್ತೀಯಲ್ಲ, ಅದನ್ನ ಓದಿಸ್ಕೊಳ್ಳೋಕೆ ಅವನು ದಿನಾ ನನ್ನ ಬಾಗಿಲು ಬಡೀತಾನೆ. ಇಷ್ಟು ಓದಿದೋಳು, ದೊಡ್ಡ ಕೆಲಸದಲ್ಲಿರೋಳು, ಅಂಥ ಅಕ್ಷರ! ಅಧ್ಯಕ್ಷರಿಗೆ ನನ್ನ ತರಗತಿ ಯಾಕೆ ಬೇಕು ಅಂತ ತೋರಿಸೋಕೆ ನಿನಗಿಂತ ತಜ್ಞರು ನಂಗೆಲ್ಲಿ ಸಿಗ್ತಾರೆ? ನಿನ್ನಿಷ್ಟ ಬಂದಿದ್ದು ಮಾತಾಡು. ಕೊನೇಲಿ ಮಾತ್ರ ಬೋರ್ಡ್ ಮೇಲೆ ಎರಡು ಪದ ಬರೆದು ಬಾ.”

ಬರೆದಿದ್ದೇನೆ. ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುವುದು ಬೇಡ, ದೋಷ ಕನ್ನಡಕದ್ದಲ್ಲ. ಮೊದಲನೆಯದು ‘ವಂದನೆಗಳು’. ಅದರ ಪಕ್ಕದಲ್ಲಿ, ಜೇಡ ಬಿದ್ದಂತೆ ಕಾಣುತ್ತಿರುವುದು, ‘ನಮಸ್ಕಾರ’.