ಬಾಗಿಲ ತೆನೆಗೆ ಹೊಡೆದ ವಿಷ

ನಮ್ಮ ನಿಮ್ಮಂಥವರದೇ ಒಂದೂರು. ಅಲ್ಲೊಬ್ಬ ಸಾಹುಕಾರ. ಅವನ ಹಿತ್ತಲ ಬಾವಿಯ ಕಲ್ಲಿಗೆ ಅಂಗೈಯಗಲ ಪಾಚಿ ಹತ್ತಿತ್ತು. ಕಾಲೇಜಿನ ಮೇಷ್ಟ್ರೊಬ್ಬರು ಭೂತಗನ್ನಡಿ ಹಿಡಿದು ನೋಡಿ, "ಸಾಹುಕಾರ್ರೇ, ಇಂಥದ್ದು ನಾನು ಇನ್ನೆಲ್ಲೂ ಕಂಡಿಲ್ಲ, ಜೋಪಾನ" ಎಂದರು. ಅಷ್ಟೇ, ಸಾಹುಕಾರನ ನಿದ್ದೆ ಹಾರಿಹೋಯಿತು. ಪಾಚಿ ಒಣಗಿದರೆ? ಯಾರಾದರೂ ಕೆರೆದುಕೊಂಡು ಹೋದರೆ?

ಕೆರೆಯುತ್ತಿದ್ದವರು ಯಾರು ಗೊತ್ತೇ? ಗುಬ್ಬಿಗಳು! ಗೂಡು ಮೆತ್ತಗಿರಲೆಂದು ಕೊಕ್ಕಿನಲ್ಲಿ ಕಿತ್ತು ಒಯ್ಯುತ್ತಿದ್ದವು. ಸಾಹುಕಾರ ಉರಿದುಬಿದ್ದ. "ಗುಬ್ಬಿ ಊರ ತುಂಬಾ ಅವೆ. ಹತ್ತು ಸತ್ರೆ ಇಪ್ಪತ್ತು ಬರ್ತವೆ. ಈ ಪಾಚಿ ಹೋದ್ರೆ ತಂದುಕೊಡೋರ್ಯಾರು?"

ಆ ಊರಲ್ಲಿ ಗುಬ್ಬಿಗಳಿಗೆಂದು ಬಾಗಿಲಿಗೆ ಭತ್ತದ ತೆನೆಗೊಂಚಲು ಕಟ್ಟುತ್ತಾರೆ. ನೋಡಿ, ಸಾಹುಕಾರ ತನ್ನ ಬಾಗಿಲ ತೆನೆಗೇ ವಿಷ ಹೊಡೆದ. ಯಾರಿಗೂ ಹೇಳಲಿಲ್ಲ. ಇಂಥ ಕೆಲಸವನ್ನು ಯಾರಾದರೂ ಹೇಳಿ ಮಾಡುತ್ತಾರೆಯೇ?

ಮೂರನೆಯ ದಿನ ಮೊಮ್ಮಗಳಿಗೆ ಮೊದಲ ತುತ್ತು ಉಣಿಸುವ ಶಾಸ್ತ್ರ. ಸಾಹುಕಾರ ಸತ್ತ ಗುಬ್ಬಿಗಳನ್ನು ಹಿತ್ತಲಲ್ಲಿ ಹೂತು ಬಂದು ತಲೆ ಎತ್ತಿದ. ಬಾಗಿಲಲ್ಲಿ ತೆನೆಯಿಲ್ಲ. ಸೊಸೆಯನ್ನು ಕೂಗಿ ಕೇಳಿದ:

"ತೆನೆ ಎಲ್ಲಮ್ಮಾ?"

ಸೊಸೆ ಒಳಗಿಂದಲೇ ಹೇಳಿದಳು: "ಕುಟ್ಟಿ ಅನ್ನ ಮಾಡಿದೀನಿ ಮಾವ. ಗುಬ್ಬಿ ತಿಂದು ಉಳಿಸಿದ್ದರಲ್ಲೇ ಅಲ್ವಾ ನಮ್ಮಲ್ಲಿ ಮಗೂಗೆ ಮೊದಲ ತುತ್ತು?"

ಹೌದು! ಅವನಿಗೂ ಅವನವ್ವ ಹಾಗೇ ಉಣಿಸಿದ್ದಳು. ಮರೆತೇಬಿಟ್ಟಿದ್ದ. ಓಡಿದ. ಕೂಗಲು ಹೋದರೆ ದನಿಯೇ ಹೊರಡಲಿಲ್ಲ. ಮಗು ಬಾಯಿ ತೆರೆದಿತ್ತು. ತುತ್ತು ತುಟಿಯ ಹತ್ತಿರವಿತ್ತು. ಸೊಸೆಯ ಕೈಗೇ ಹೊಡೆದ. ಅನ್ನ ನೆಲಕ್ಕೆ ಚೆಲ್ಲಿತು, ಮಗು ಉಳಿಯಿತು.

ಸೊಸೆ ಅವನ ಮುಖ ನೋಡಿದಳು, ಮಣ್ಣು ಮೆತ್ತಿದ ಕೈಗೆ ಅಂಟಿದ ಗುಬ್ಬಿಯ ಪುಕ್ಕ ನೋಡಿದಳು. ಎಲ್ಲ ತಿಳಿಯಿತು. ಮಗುವನ್ನೆತ್ತಿಕೊಂಡು ಹಿಂದೆ ಸರಿದಳು. ಆಮೇಲೆ ಎಂದೂ ಅದನ್ನು ಅವನ ಕೈಗೆ ಕೊಡಲಿಲ್ಲ.

ತಾಯಂದಿರೇ, ಅಣ್ಣಂದಿರೇ, ನನಗೆ ಭಯ ಆ ಸಾಹುಕಾರನದಲ್ಲ. ನಿಮ್ಮದು, ನನ್ನದು! ಅಪರೂಪದ್ದಕ್ಕೆ ಕಾವಲು, ದಿನಾ ಕಾಣುವುದಕ್ಕೆ ವಿಷ. ಪಾಚಿಯನ್ನು ಬೆಳೆಸಿದ ದೇವರೇ ಗುಬ್ಬಿಯನ್ನೂ ಸಾಕಲಿಲ್ಲವೇ? ಪಾಚಿಯನ್ನು ಕಾಯಬೇಡಿ ಎನ್ನುತ್ತಿಲ್ಲ. ಒಂದು ಜಾಲರಿ ಮುಚ್ಚಿದ್ದರೆ ಸಾಕಿತ್ತು. ನಾಳೆ ಹಕ್ಕಿಗೋ, ನೆರೆಮನೆಯ ನಾಯಿಗೋ ಏನಾದರೂ ಹಾಕಲು ಕೈ ಹೋದರೆ, ಮೊದಲು ಮನೆಯವರನ್ನು ಕರೆದು, ನಾನು ಹೀಗೆ ಮಾಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ಹೇಳಲು ನಾಲಿಗೆ ಏಳದಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. ಅವನಿಗೆ ಓಡಿಬರುವಷ್ಟು ಹೊತ್ತಾದರೂ ಸಿಕ್ಕಿತು. ನಿಮಗೂ ಸಿಗುತ್ತದೆಂದು ಯಾರು ಹೇಳಿದರು?