ಬೇರೆಯವರ ತಪ್ಪು

ಪ್ರೈಮರಿ ಶಾಲೆಯ ಹೆಡ್‌ಮಿಸ್ಟ್ರೆಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಾಕೆ ಕೂತಿದ್ದಳು. ಆಕೆಯ ಗಂಡ ಮಾತ್ರ ಕೂರದೆ ಬಾಗಿಲಿಗೂ ಕಿಟಕಿಗೂ ನಡುವೆ ಶತಪಥ ಹಾಕುತ್ತಿದ್ದ.

“ಮೀನಿನ ತೊಟ್ಟಿ ಒಡೆದಿದ್ದು ನಮ್ಮ ಮಗಳಲ್ಲ ಅಂತ ನೇರವಾಗಿ ಹೇಳ್ಬಿಡೋಣ,” ಎಂದ ಆತ.

“ನಾನೇ ಒಡೆದಿದ್ದು ಅಂತ ಅವಳೇ ಒಪ್ಕೊಂಡಿದಾಳಲ್ಲ.”

“ಮತ್ತೆ ಒಡೆದಿದ್ದು ಯಾರು?”

“ಪಕ್ಕ ಕೂರೋ ಹುಡುಗ. ಗೊತ್ತಾದ್ರೆ ಅವರಪ್ಪ ಚರ್ಮ ಸುಲೀತಾರಂತೆ.”

“ಅದಕ್ಕೆ ಇವಳ್ಯಾಕೆ ತಲೆ ಕೊಡ್ಬೇಕು?”

“ಯೇಸುಸ್ವಾಮಿ ಎಲ್ಲರ ಪಾಪ ಹೊತ್ಕೊಂಡ್ರಲ್ಲ, ನಾನು ಇದೊಂದೇ ತಾನೇ ಹೊತ್ಕೊಂಡಿರೋದು ಅಂದ್ಳು.”

“ಎರಡನೇ ಕ್ಲಾಸಿನ ಮಗು. ಇಂಥದ್ದೆಲ್ಲ ತಲೇಲಿ ತುಂಬೋರು ಯಾರು?”

“ನೀವೇ. ಹೋದ ಭಾನುವಾರ ಚರ್ಚಲ್ಲಿ ಮಕ್ಕಳಿಗೆ ಪಾಠ ಮಾಡಿದ್ದು ಮರೆತುಹೋಯ್ತಾ?”

ಆತ ಕಿಟಕಿಯ ಹತ್ತಿರ ನಿಂತುಬಿಟ್ಟ.

“ಅದು ಪಾಠ ಕಣೇ. ಇದು ಸ್ಕೂಲಿಂದ ಹೊರಗೆ ಹಾಕೋ ವಿಷಯ. ಅಲ್ಲದೆ ಸುಳ್ಳು ಹೇಳೋದೂ ಪಾಪ ತಾನೇ?”

“ಅದನ್ನ ಬರೋ ಭಾನುವಾರ ಹೇಳಿಕೊಡ್ತೀನಿ ಅಂದಿದ್ರಿ.”

ಬಾಗಿಲು ತೆರೆಯಿತು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅವರನ್ನು ಒಳಗೆ ಕರೆದರು.

“ನೀನೇ ಮಾತಾಡು,” ಎಂದ ಆತ, ದನಿ ತಗ್ಗಿಸಿ.

“ಪಾಠ ಹೇಳಿದೋರು ನೀವು, ನೀವೇ ಮಾತಾಡಿ. ಮಗಳು ಒಳಗೇ ಇದಾಳೆ, ಕೇಳಿಸ್ಕೋತಾಳೆ.”

ಆತ ಹೆಂಡತಿಯನ್ನು ಮುಂದೆ ಬಿಟ್ಟು ಒಳಗೆ ಹೋದ.